ನಿಂತ ಕಾರಿಗೂ ವಯಸ್ಸಾಗುತ್ತದೆ

ಸ್ಯಾನ್ ಫ್ರಾನ್ಸಿಸ್ಕೊ ಎಂದೊಡನೆ ಊರಿನ ಬಂಧುಗಳ ಕಣ್ಣೆದುರು ನಿಲ್ಲುವುದು ಮಂಜಿನಲ್ಲಿ ಅರ್ಧ ಮುಳುಗಿದ ಕೆಂಪು ಸೇತುವೆ. ‘ನಿಮಗೇನಪ್ಪ, ವರ್ಷ ಪೂರ್ತಿ ಊಟಿಯಾಗ ಇದ್ದಂಗ’ ಎಂದು ರಾಯಚೂರಿನ ಚಿಕ್ಕಪ್ಪ ಪ್ರತಿ ಏಪ್ರಿಲ್‌ನಲ್ಲಿಯೂ ಫೋನಿನಲ್ಲಿ ಹೇಳುವುದುಂಟು. ಅವರ ಮಾತು ಆ ಸೇತುವೆಯ ಮಟ್ಟಿಗೆ ನಿಜ. ಆದರೆ ಇಲ್ಲಿಗೆ ಬಂದು ನೆಲೆಸುವ ನಮ್ಮವರಲ್ಲಿ ಅನೇಕರು ಆ ಸೇತುವೆಯ ಬಳಿ ವಾಸಿಸುವುದಿಲ್ಲ. ಮನೆಯ ಬೆಲೆ, ಮಕ್ಕಳ ಶಾಲೆ ಇವೆರಡನ್ನೂ ತೂಗಿ ನೋಡಿ ಬೆಟ್ಟಗಳ ಆಚೆಯ ಡಬ್ಲಿನ್, ಪ್ಲೆಸಂಟನ್, ಸ್ಯಾನ್ ರಮೋನ್, ಲಿವರ್‌ಮೋರ್‌ಗಳಿಗೆ, ಇನ್ನೂ ಆಚೆಗೆ ಆಲ್ಟಮಾಂಟ್ ಕಣಿವೆಯನ್ನು ದಾಟಿ ಟ್ರೇಸಿ, ಮೌಂಟನ್ ಹೌಸ್‌ಗಳಿಗೆ ಹೋಗಿ ಸೇರುತ್ತಾರೆ. ನಾನು ಇರುವುದು ಡಬ್ಲಿನ್‌ನಲ್ಲಿ. ಐರ್ಲೆಂಡಿನದಲ್ಲ, ಕ್ಯಾಲಿಫೋರ್ನಿಯದ ಡಬ್ಲಿನ್‌ನಲ್ಲಿ.

ಈ ಬೆಟ್ಟಗಳ ಮಹಿಮೆ ವಿಚಿತ್ರವಾದದ್ದು. ಪೆಸಿಫಿಕ್ ಸಾಗರದ ತಣ್ಣನೆಯ ಪ್ರವಾಹದ ಮೇಲಿನಿಂದ ಬರುವ ಮಂಜು ಕರಾವಳಿಯ ಬೆಟ್ಟಸಾಲಿನವರೆಗೆ ಬಂದು ನಿಲ್ಲುತ್ತದೆ. ಜುಲೈ ತಿಂಗಳ ಒಂದೇ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೊ ಕಡಲತಡಿಯಲ್ಲಿ ಸ್ವೆಟರ್ ತೊಡುವಂತಹ 18 ಡಿಗ್ರಿ ಸೆಲ್ಸಿಯಸ್ ಇದ್ದರೆ, ಕಾರಿನಲ್ಲಿ ಒಂದು ಗಂಟೆಯ ದೂರದ ಲಿವರ್‌ಮೋರ್‌ನಲ್ಲಿ 38 ಡಿಗ್ರಿ ಇರುವುದು ನಮಗೆ ಆಶ್ಚರ್ಯವೇ ಅಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದ ಬಿಸಿಲಲೆಯಲ್ಲಿ ಲಿವರ್‌ಮೋರ್‌ನ ಉಷ್ಣಾಂಶ 116 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 46 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಮುಟ್ಟಿತ್ತು. ರಾಯಚೂರಿನ ಮೇ ತಿಂಗಳು ಇದರ ಮುಂದೆ ನಾಚಬೇಕು.

ಈ ಬಿಸಿಲಿನಲ್ಲಿ ಮನುಷ್ಯರು ಎಸಿ ಹಾಕಿಕೊಂಡು ಒಳಗಿರುತ್ತಾರೆ. ಹೊರಗೆ ನಿಲ್ಲುವುದು ಕಾರು. ಇಲ್ಲಿನ ಮನೆಗಳಿಗೆಲ್ಲ ಎರಡು ಕಾರು ಹಿಡಿಯುವ ಗರಾಜು ಇರುತ್ತದೆ ನಿಜ. ಆದರೆ ನಮ್ಮವರ ಗರಾಜಿನೊಳಗೆ ಕಾರನ್ನು ಕಾಣುವುದು ಅಪರೂಪ. ಊರಿನಿಂದ ತಂದ ಸೂಟ್‌ಕೇಸುಗಳು, ಅಕ್ಕಿಯ ಚೀಲಗಳು, ಕಾಸ್ಟ್‌ಕೊದಿಂದ ಹೊತ್ತು ತಂದ ಎಣ್ಣೆ ಡಬ್ಬಗಳು, ಮಕ್ಕಳ ಹಳೆಯ ಸೈಕಲ್‌ಗಳು, ಗಣೇಶನ ಹಬ್ಬದ ಮಂಟಪ ಇವೆಲ್ಲ ಗರಾಜಿನ ನೆರಳಿನಲ್ಲಿ ಸುಖವಾಗಿರುತ್ತವೆ. ಐವತ್ತು ಸಾವಿರ ಡಾಲರಿನ ಕಾರು ಬಿಸಿಲಿನಲ್ಲಿ ನಿಂತಿರುತ್ತದೆ. ಆ ಕಾರಿನ ಕುರಿತೇ ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ.

ಐ-5 ಹೆದ್ದಾರಿಯ ಒಂದು ಮಧ್ಯಾಹ್ನ

2019ರಲ್ಲಿ ನಾನು ಯುರೋಪಿನ ಹೆಸರಾಂತ ಕಂಪನಿಯೊಂದರ ಕಾರನ್ನು ಕೊಂಡೆ. ಮೂರು ವರ್ಷ ಲೀಸಿನಲ್ಲಿದ್ದು ಹಿಂದಿರುಗಿದ ಗಾಡಿ. ಹೊಸದರ ಬೆಲೆಯ ಅರ್ಧಕ್ಕೆ ಸ್ವಲ್ಪ ಹೆಚ್ಚಿಗೆ ದೊರೆಯಿತು. ಊರಿನಲ್ಲಿ ಆ ಕಾರನ್ನು ದೊಡ್ಡ ಉದ್ಯಮಿಗಳ, ಮಂತ್ರಿಗಳ ಮನೆಯ ಮುಂದೆ ಮಾತ್ರ ನೋಡಿದ್ದ ನನಗೆ ಅದರ ಸ್ಟೀರಿಂಗ್ ಹಿಡಿದ ದಿನ ಏನೋ ಸಾಧಿಸಿದ ಭಾವ. ಫೋಟೊ ಊರಿಗೆ ಹೋಯಿತು. ಅಪ್ಪ ಅದನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇದರ ಸರ್ವಿಸ್ ಬುಕ್ ಕೊಟ್ಟಾರೇನು?’

ಅಪ್ಪ ಮೂವತ್ತೊಂದು ವರ್ಷ ಸಾರಿಗೆ ಸಂಸ್ಥೆಯ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರ ಪ್ರಶ್ನೆಯನ್ನು ನಾನು ಹಳೆಯ ಕಾಲದವರ ಅಭ್ಯಾಸವೆಂದು ನಕ್ಕು ಬಿಟ್ಟೆ.

ಮರುವರ್ಷ ಮಾರ್ಚ್‌ನಲ್ಲಿ ಕೊರೊನಾ ಬಂತು. ಕಚೇರಿ ಮನೆಗೇ ಬಂದಿತು. ದಿನಕ್ಕೆ ಅರವತ್ತು ಮೈಲಿ ಓಡುತ್ತಿದ್ದ ಕಾರು ವಾರಕ್ಕೊಮ್ಮೆ ತರಕಾರಿ ತರಲು ಹೊರಟರೆ ಹೆಚ್ಚು. ಎರಡು ವರ್ಷಗಳಲ್ಲಿ ಅದು ಓಡಿದ್ದು ಸುಮಾರು ಒಂಬತ್ತು ಸಾವಿರ ಮೈಲಿ. ಆ ಕಾರಿಗೆ ಸರ್ವಿಸ್ ಆಗಬೇಕಾದದ್ದು ಹತ್ತು ಸಾವಿರ ಮೈಲಿಗೆ. ಇನ್ನೂ ಒಂದು ಸಾವಿರ ಬಾಕಿ ಇದೆಯಲ್ಲ ಎಂದು ನಾನು ಲೆಕ್ಕ ಹಾಕಿಕೊಂಡೆ. ಗಾಡಿ ಚಾಲೂ ಮಾಡಿದಾಗಲೆಲ್ಲ ಡ್ಯಾಶ್‌ಬೋರ್ಡಿನಲ್ಲಿ ಸರ್ವಿಸಿನ ದಿನಾಂಕ ಮೀರಿದೆಯೆಂಬ ಹಳದಿ ಸೂಚನೆ ಬರುತ್ತಿತ್ತು. ನಾನು ಗುಂಡಿಯೊತ್ತಿ ಅದನ್ನು ಮರೆಯಾಗಿಸುತ್ತಿದ್ದೆ.

2022ರ ಜುಲೈನಲ್ಲಿ ಅಪ್ಪ ಅಮ್ಮ ಬಂದರು. ಅವರಿಗೆ ಲಾಸ್ ಏಂಜಲೀಸ್ ತೋರಿಸಲು ಹೊರಟೆವು. ಬೇ ಏರಿಯಾದಿಂದ ದಕ್ಷಿಣಕ್ಕೆ ಹೋಗುವ ಐ-5 ಹೆದ್ದಾರಿ ಸೆಂಟ್ರಲ್ ವ್ಯಾಲಿಯ ಪಶ್ಚಿಮ ಅಂಚಿನಲ್ಲಿ ಗೆರೆ ಎಳೆದಂತೆ ಸಾಗುತ್ತದೆ. ಒಂದು ಕಡೆ ಬಾದಾಮಿ ತೋಟಗಳು, ಇನ್ನೊಂದು ಕಡೆ ಒಣಹುಲ್ಲಿನ ಬೋಳುಗುಡ್ಡಗಳು; ಪೆಟ್ರೋಲ್ ಬಂಕಿನಿಂದ ಪೆಟ್ರೋಲ್ ಬಂಕಿಗೆ ಎಷ್ಟೋ ಮೈಲಿ. ಸ್ಯಾಂಟಾ ನೆಲ್ಲಾ ದಾಟಿ ಕೋಲಿಂಗದ ಕಡೆಗೆ ಸಾಗುತ್ತಿದ್ದಾಗ ಹೊರಗಿನ ಉಷ್ಣಾಂಶ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 41 ಡಿಗ್ರಿ ಸೆಲ್ಸಿಯಸ್ ಎಂದು ತೋರಿಸುತ್ತಿತ್ತು. ಎಸಿಯ ಗಾಳಿ ತುಸು ಬೆಚ್ಚಗಾದಂತೆನಿಸಿತು. ಬಳಿಕ ಎಂಜಿನ್ ಬಿಸಿಯಾಗುತ್ತಿದೆಯೆಂಬ ಹಳದಿ ಸೂಚನೆ ಬಂತು. ಹಿಂದಿನ ಸೀಟಿನಲ್ಲಿದ್ದ ಅಪ್ಪ ಮುಂದಕ್ಕೆ ಬಾಗಿದರು.

‘ಎಸಿ ಆರಿಸು. ಹೀಟರ್ ಪೂರ್ತಿ ಹಾಕು. ಕಿಟಕಿ ಇಳಿಸು.’

‘ಅಪ್ಪಾ, ಈ ಬಿಸಿಲಿನಾಗ ಹೀಟರಾ?’

‘ಹಾಕಂದ್ರ ಹಾಕೋ!’

ಹೀಟರ್ ಎನ್ನುವುದು ಎಂಜಿನ್ನಿನ ಬಿಸಿನೀರಿನಿಂದಲೇ ಕೆಲಸ ಮಾಡುವ ಒಂದು ಪುಟ್ಟ ರೇಡಿಯೇಟರ್. ಅದನ್ನು ಹಾಕಿದರೆ ಎಂಜಿನ್ನಿನ ಶಾಖದ ಒಂದಂಶ ನಮ್ಮ ಮುಖಕ್ಕೆ ಬಡಿದು ಎಂಜಿನ್ನಿಗೆ ತುಸು ಬಿಡುವು ದೊರೆಯುತ್ತದೆ. ಹಾಗೆ ಬೇಯುತ್ತ ಒಂದು ಮೈಲಿ ಸಾಗಿ ಹೆದ್ದಾರಿಯಿಂದ ಹೊರಗೆ ಹೋಗುವ ದಾರಿಗೆ ಬಂದೆವು. ಅಷ್ಟರಲ್ಲಿ ದೀಪ ಕೆಂಪಾಯಿತು. ಕೆಂಪು ದೀಪವೆಂದರೆ ಅಲ್ಲಿಗೆ ಮುಗಿಯಿತು. ಮತ್ತೊಂದು ಗಜವೂ ಓಡಿಸದೆ ಎಂಜಿನ್ ಆರಿಸಬೇಕು. ಆರಿಸಿದೆ. ಬಾನೆಟ್ಟಿನ ಸಂದಿಯಿಂದ ಸಿಹಿವಾಸನೆಯ ಹಬೆ ಏಳುತ್ತಿತ್ತು. ನಾನು ನೀರಿನ ಬಾಟಲಿ ಹಿಡಿದು ಮುಚ್ಚಳ ತೆರೆಯಲು ಹೊರಟೆ; ಅಪ್ಪ ನನ್ನ ಕೈ ಹಿಡಿದು ಎಳೆದರು. ಬಿಸಿಯಿರುವಾಗ ಆ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಡಿಪೊದಲ್ಲಿ ಹಾಗೆ ಸುಟ್ಟುಕೊಂಡವರನ್ನು ಅವರು ಕಂಡಿದ್ದರು.

ಕಾರಿನ ಚಿಂತೆಗಿಂತ ದೊಡ್ಡ ಚಿಂತೆ ಅಮ್ಮನ ಕೈಚೀಲದಲ್ಲಿತ್ತು: ಅವರ ಇನ್ಸುಲಿನ್. 30 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಅದನ್ನು ಇಡಬಾರದು. ಮಂಜುಗಡ್ಡೆಯ ಪೊಟ್ಟಣ ಆಗಲೇ ನೀರಾಗತೊಡಗಿತ್ತು. ಟೋಯಿಂಗ್ ಗಾಡಿ ಬರಲು ಎರಡು ಗಂಟೆ ಎಂದರು. ಸುತ್ತ ಒಂದು ಮರವಿಲ್ಲ. ಅಷ್ಟರಲ್ಲಿ ದಾರಿಯ ತುದಿಯಲ್ಲಿ ಲಾರಿ ನಿಲ್ಲಿಸಿದ್ದ ಪಂಜಾಬಿ ಚಾಲಕರೊಬ್ಬರು ನಡೆದು ಬಂದರು. ಈ ಹೆದ್ದಾರಿಯ ಲಾರಿಗಳಲ್ಲಿ ಪಂಜಾಬಿಗಳು ಬಹಳ. ಅವರ ಲಾರಿಯೊಳಗೆ ಪುಟ್ಟ ಫ್ರಿಜ್ ಇತ್ತು. ಇನ್ಸುಲಿನ್ ಅದರೊಳಗೆ ಹೋಯಿತು. ಅಪ್ಪ ರಾಯಚೂರಿನ ಹಿಂದಿಯಲ್ಲಿ, ಅವರು ಪಂಜಾಬಿನ ಹಿಂದಿಯಲ್ಲಿ, ಲಾರಿಯ ನೆರಳಿನಲ್ಲಿ ಕುಳಿತು ಡೀಸೆಲ್ ಎಂಜಿನ್ನುಗಳ ಬಗ್ಗೆ ಮಾತಾಡಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಹತ್ತಿರದ ಊರಿನ ವರ್ಕ್‌ಶಾಪಿನಲ್ಲಿ ತಿಳಿದುಬಂದ ಕಾರಣ ಸಣ್ಣದು. ಕೂಲೆಂಟ್ ಹಿಡಿದಿಡುವ ಪ್ಲಾಸ್ಟಿಕ್ ತೊಟ್ಟಿ ಅಂಚಿನಲ್ಲಿ ಸೀಳಿತ್ತು. ಅದರ ಪಕ್ಕದ ಹೋಸ್ ಪೈಪು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಕೂಲೆಂಟ್ ತಿಂಗಳುಗಳಿಂದ ಹನಿಹನಿಯಾಗಿ ಸೋರಿ ಖಾಲಿಯಾಗುತ್ತ ಬಂದಿರಬೇಕು. ತೊಟ್ಟಿ, ಪೈಪು, ಥರ್ಮೊಸ್ಟಾಟ್, ಹೊಸ ಕೂಲೆಂಟ್, ಟೋಯಿಂಗ್, ಎರಡು ರಾತ್ರಿ ಹೋಟೆಲ್ ಎಲ್ಲ ಸೇರಿ ಸುಮಾರು 1,900 ಡಾಲರ್. ವರ್ಷಕ್ಕೊಮ್ಮೆ ಯಾರಾದರೂ ಬಾನೆಟ್ ಎತ್ತಿ ನೋಡಿದ್ದರೆ ಇದರ ಕಾಲುಭಾಗದಲ್ಲಿ ಮುಗಿಯುತ್ತಿತ್ತು. ಇನ್ನೊಂದೆರಡು ಮೈಲಿ ಓಡಿಸಿದ್ದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಿ, ಗ್ಯಾಸ್ಕೆಟ್ ಸುಟ್ಟು, ಎಂಜಿನ್ನೇ ಹೋಗುತ್ತಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತೆ ಎಂಬ ಗಾದೆಗೆ ನಾನೇ ಉದಾಹರಣೆಯಾದೆ.

‘ಗಾಡಿ ಓಡಿಲ್ಲ ಅಂತ ನೀ ಹೇಳ್ತಿ. ಬಿಸಿಲಿನಾಗ ನಿಂತಿತ್ತಲ್ಲೋ’ ಎಂದರು ಅಪ್ಪ. ಅದಕ್ಕಿಂತ ಹೆಚ್ಚಿನ ಮಾತನ್ನು ಅವರು ಆಡಲಿಲ್ಲ.

ಯಾವುದು ಮೊದಲೋ ಅದು

ಹಿಂದಿರುಗಿದ ಮೇಲೆ ಕಾರಿನ ಕೈಪಿಡಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಸರ್ವಿಸಿನ ಪುಟದಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಮಾತು ಇತ್ತು: ಇಷ್ಟು ಮೈಲಿ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ನಾನು ಮೊದಲರ್ಧವನ್ನು ಮಾತ್ರ ಓದಿದ್ದೆ.

ಅಮೆರಿಕದಲ್ಲಿ ಮರ್ಸಿಡಿಸ್, ಬಿಎಂಡಬ್ಲ್ಯು, ಲೆಕ್ಸಸ್‌ನಂತಹ ಕಾರುಗಳಿಗೆ ಎಂಜಿನ್ ಆಯಿಲ್ ಬದಲಿಸಲು ಹೇಳುವ ಸಾಮಾನ್ಯ ಅವಧಿ 10,000 ಮೈಲಿ ಅಥವಾ ಒಂದು ವರ್ಷ. ಓಡದ ಕಾರಿನ ಆಯಿಲ್ ಕೂಡ ಹಳೆಯದಾಗುತ್ತದೆ. ಐದು ನಿಮಿಷದ ತರಕಾರಿ ಪ್ರಯಾಣಗಳಲ್ಲಿ ಎಂಜಿನ್ ಪೂರ್ತಿ ಬಿಸಿಯೇರುವುದಿಲ್ಲ. ಆಯಿಲ್‌ನಲ್ಲಿ ಸೇರಿದ ತೇವ, ಪೆಟ್ರೋಲಿನ ಅಂಶ ಆವಿಯಾಗಿ ಹೋಗುವುದಿಲ್ಲ. ಅನೇಕ ಕೈಪಿಡಿಗಳಲ್ಲಿ ‘ಕಠಿಣ ಬಳಕೆ’ ಎಂಬ ಪ್ರತ್ಯೇಕ ಪಟ್ಟಿಯೇ ಇರುತ್ತದೆ: ತೀವ್ರ ಬಿಸಿಲು, ಧೂಳು, ಪದೇಪದೇ ನಿಂತು ಸಾಗುವ ಟ್ರಾಫಿಕ್, ಚಿಕ್ಕಚಿಕ್ಕ ಪ್ರಯಾಣ. ನಾವು ‘ಹಗುರ ಬಳಕೆ’ ಎಂದು ತಿಳಿದಿರುವುದನ್ನೇ ಎಂಜಿನ್ ‘ಕಠಿಣ’ ಎಂದು ಎಣಿಸುತ್ತದೆ.

ಹಾಗಾದರೆ ಇಷ್ಟು ದುಬಾರಿ ಕಾರು ಬಿಸಿಲನ್ನು ತಡೆಯಲಾರದೆ? ತಡೆಯುತ್ತದೆ. ಜಗತ್ತಿನ ದೊಡ್ಡ ಕಾರು ಕಂಪನಿಗಳು ತಮ್ಮ ಹೊಸ ಮಾದರಿಗಳನ್ನು ಬೇಸಿಗೆಯಲ್ಲಿ ನಮ್ಮದೇ ಕ್ಯಾಲಿಫೋರ್ನಿಯದ ಡೆತ್ ವ್ಯಾಲಿಗೆ ತಂದು ಓಡಿಸಿ ಪರೀಕ್ಷಿಸುತ್ತವೆ. 1913ರ ಜುಲೈ 10ರಂದು ಅಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ವಿಶ್ವ ದಾಖಲೆ. ಆದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಹೊಸ ಕಾರು. ಆರು ಬೇಸಿಗೆ ಕಳೆದ ರಬ್ಬರು, ಪ್ಲಾಸ್ಟಿಕ್, ಸೀಲುಗಳ ಕತೆ ಬೇರೆ. ಎಂಜಿನ್ನಿನ ಉಕ್ಕು ಹಾಗೆಯೇ ಇರುತ್ತದೆ. ಅದನ್ನು ಸುತ್ತಿ ಕಾಯುವ ಅಗ್ಗದ ವಸ್ತುಗಳು ಮೊದಲು ಮುಪ್ಪಾಗುತ್ತವೆ.

ಬಿಸಿಲು ಮತ್ತು ವರ್ಷಗಳು ಸೇರಿದರೆ ಎಷ್ಟು ಅಪಾಯವೆಂಬುದಕ್ಕೆ ತಕಾಟ ಏರ್‌ಬ್ಯಾಗ್ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಏರ್‌ಬ್ಯಾಗುಗಳನ್ನು ಉಬ್ಬಿಸುವ ಅಮೋನಿಯಂ ನೈಟ್ರೇಟ್ ರಾಸಾಯನಿಕವು ವರ್ಷಾನುಗಟ್ಟಲೆ ಶಾಖ ಮತ್ತು ತೇವಕ್ಕೆ ಒಡ್ಡಿಕೊಂಡು ಕೆಟ್ಟು, ಅಪಘಾತದ ವೇಳೆ ಸ್ಫೋಟಿಸಿ ಲೋಹದ ಚೂರುಗಳನ್ನು ಸವಾರರ ಮೇಲೆಯೇ ಎರಚುತ್ತಿತ್ತು. ಅಮೆರಿಕವೊಂದರಲ್ಲಿಯೇ ಸುಮಾರು 6.7 ಕೋಟಿ ಏರ್‌ಬ್ಯಾಗುಗಳನ್ನು ಹಿಂಪಡೆಯಬೇಕಾಯಿತು. ದುಬಾರಿ ಬ್ರಾಂಡುಗಳ ಕಾರುಗಳೂ ಆ ಪಟ್ಟಿಯಲ್ಲಿದ್ದವು. ಕಾರಿನ 17 ಅಕ್ಷರಾಂಕಗಳ ಗುರುತು ಸಂಖ್ಯೆಯನ್ನು ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಜಾಲತಾಣದಲ್ಲಿ ತುಂಬಿದರೆ ನಿಮ್ಮ ಗಾಡಿಗೆ ಇಂತಹ ರಿಪೇರಿ ಬಾಕಿಯಿದೆಯೇ ಎಂಬುದು ಕೂಡಲೇ ತಿಳಿಯುತ್ತದೆ. ಡೀಲರು ಅದನ್ನು ಉಚಿತವಾಗಿ ಮಾಡಿಕೊಡಬೇಕು. ಹಳೆಯ ಕಾರು ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಇದು.

ಕಾರಿನ ಇತಿಹಾಸದ ಮೊದಲ ದೂರಪ್ರಯಾಣವೂ ಒಂದರ್ಥದಲ್ಲಿ ನಿರ್ವಹಣೆಯ ಕತೆಯೇ. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಎಂಬ ಮಹಿಳೆ ತನ್ನ ಗಂಡ ಕಾರ್ಲ್ ಬೆಂಜ್ ನಿರ್ಮಿಸಿದ ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ತವರಿರುವ ಫೋರ್ಟ್ಸ್‌ಹೈಮ್‌ಗೆ ಸುಮಾರು ನೂರು ಕಿಲೋಮೀಟರ್ ಹೋದಳು. ದಾರಿಯುದ್ದಕ್ಕೂ ಎಂಜಿನ್ ತಣಿಸಲು ನೀರು ತುಂಬಿದಳು. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು. ಸವೆದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದಳು. ತಣಿಸುವ ನೀರು, ಇಂಧನ, ಬ್ರೇಕು: ನಮ್ಮ ಇಂದಿನ ಪಟ್ಟಿಯೂ ಇದೇ.

ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ

ಕಾರನ್ನು ಗೌರವಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಆಯುಧಪೂಜೆಯ ಸಮಯದಲ್ಲಿ ನಮ್ಮವರು ಕಾರಿಗೆ ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಹೊಸ ಕಾರು ಕೊಂಡವರು ನೇರ ಲಿವರ್‌ಮೋರ್‌ನ ಶಿವ-ವಿಷ್ಣು ದೇವಾಲಯಕ್ಕೆ ಕೊಂಡೊಯ್ದು ವಾಹನಪೂಜೆ ಮಾಡಿಸುತ್ತಾರೆ. ನಾನೂ ಮಾಡಿಸಿದ್ದೆ. ಅಪ್ಪನ ಡಿಪೊದಲ್ಲಿಯೂ ಆಯುಧಪೂಜೆ ನಡೆಯುತ್ತಿತ್ತು. ಆದರೆ ಅಲ್ಲಿ ಬಸ್ಸಿನ ಕೆಳಗೆ ನಿಂಬೆಹಣ್ಣು ಇಡುವ ಮೊದಲು ಮೆಕ್ಯಾನಿಕ್ ಮಲಗಿ ಎದ್ದು ಬಂದಿರುತ್ತಿದ್ದ. ಬಸ್ಸಿಗೆ ದಿನದ ತಪಾಸಣೆ ಬೇರೆ, ವಾರದ ತಪಾಸಣೆ ಬೇರೆ, ದೊಡ್ಡ ತಪಾಸಣೆ ಬೇರೆ. ಯಾವುದನ್ನೂ ನೆನಪಿಗೆ ಬಿಡುತ್ತಿರಲಿಲ್ಲ, ಪುಸ್ತಕದಲ್ಲಿ ಬರೆಯುತ್ತಿದ್ದರು.

ಆದ್ದರಿಂದ ನಾನು ಕಾರಿನ ವೇಳಾಪಟ್ಟಿಯನ್ನು ಮೈಲಿಗಲ್ಲಿಗೆ ಕಟ್ಟುವುದನ್ನು ಬಿಟ್ಟು ಹಬ್ಬಗಳಿಗೆ ಕಟ್ಟಿದ್ದೇನೆ. ಯುಗಾದಿ ಬರುವುದು ಬೇಸಿಗೆಯ ಮುಂಚೆ. ಆಯುಧಪೂಜೆ ಬರುವುದು ಬೇಸಿಗೆ ಮುಗಿದು ಮಳೆ ಬರುವ ಮುಂಚೆ. ಇಲ್ಲಿನ ಹವಾಮಾನಕ್ಕೆ ಹೇಳಿ ಮಾಡಿಸಿದಂತಿದೆ.

ಯುಗಾದಿಯ ವಾರದಲ್ಲಿ ವರ್ಷದ ಮುಖ್ಯ ಸರ್ವಿಸ್. ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್ ಬದಲಾವಣೆ. ಕಂಪನಿ ಹೇಳಿದ ದರ್ಜೆಯ ಆಯಿಲ್ಲೇ ಆಗಬೇಕು, ಸಿಕ್ಕಿದ್ದು ಸಾಲದು. ಅನಂತರ ಕೂಲೆಂಟ್. ನೀರಿಗೂ ಕೂಲೆಂಟ್ ದ್ರವಕ್ಕೂ ಸಮಪಾಲು ಇದ್ದರೆ ಮಿಶ್ರಣ ಸುಮಾರು 106 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಮುಚ್ಚಳ ಬಿಗಿಯಾಗಿದ್ದು ಒತ್ತಡ ಉಳಿದರೆ ಸುಮಾರು 129ರವರೆಗೂ ತಡೆಯುತ್ತದೆ. ಸೋರುವ ತೊಟ್ಟಿಯಲ್ಲಿ ಆ ಒತ್ತಡವೇ ಇರುವುದಿಲ್ಲ. ಬರಿಯ ದ್ರವವಲ್ಲ, ರಕ್ಷಣೆಯೂ ಸೋರಿಹೋಗುತ್ತದೆ. ನಲ್ಲಿಯ ನೀರು ಸುರಿಯಬಾರದು, ಅದರ ಲವಣಗಳು ಒಳಗೆ ಗಟ್ಟಿಯಾಗಿ ಕೂರುತ್ತವೆ. ಬೇರೆ ಬೇರೆ ಬಗೆಯ ಕೂಲೆಂಟುಗಳನ್ನು ಬೆರೆಸಲೂಬಾರದು. ತುಕ್ಕು ತಡೆಯುವ ಅದರ ಗುಣ ಕೆಲವು ವರ್ಷಗಳಲ್ಲಿ ಕುಂದುವುದರಿಂದ ಕೈಪಿಡಿ ಹೇಳಿದ ವರ್ಷಕ್ಕೆ ಪೂರ್ತಿ ಬದಲಿಸಬೇಕು. ತೊಟ್ಟಿ, ಹೋಸ್ ಪೈಪು, ಬೆಲ್ಟುಗಳನ್ನು ಕೈಮುಟ್ಟಿ ನೋಡಿಸಬೇಕು. ಹಲವು ದುಬಾರಿ ಕಾರುಗಳಲ್ಲಿ ಕೂಲೆಂಟಿನ ಉಷ್ಣಾಂಶ ತೋರಿಸುವ ಮುಳ್ಳೇ ಇಲ್ಲ. ದೀಪ ಹತ್ತಿದ ಮೇಲೆಯೇ ನಮಗೆ ಸುದ್ದಿ. ಹಾಗಾಗಿ ತಿಂಗಳಿಗೊಮ್ಮೆ ತಣ್ಣಗಿರುವ ಎಂಜಿನ್ನಿನಲ್ಲಿ ತೊಟ್ಟಿಯ ಮಟ್ಟವನ್ನು ಕಣ್ಣಿನಿಂದ ನೋಡುವುದು ಒಳ್ಳೆಯದು.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್-4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಲಾಸ್ ಏಂಜಲೀಸಿನ ದಾರಿಯಲ್ಲಿ 4,144 ಅಡಿ ಎತ್ತರದ ಟೆಹೋನ್ ಕಣಿವೆಯನ್ನು ಹತ್ತಿ ಗ್ರೇಪ್‌ವೈನ್ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತ ಬರುವಾಗ ಈ ಅಂತರದ ಅರ್ಥ ತಿಳಿಯುತ್ತದೆ.

ಟೈರಿನ ಒತ್ತಡ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್‌ಗೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಬೆಳಗ್ಗೆ, ಗಾಡಿ ಓಡಿಸುವ ಮೊದಲು, ಚಾಲಕನ ಬಾಗಿಲ ಚೌಕಟ್ಟಿನ ಮೇಲಿರುವ ಚೀಟಿಯ ಅಳತೆಗೆ ಸರಿಯಾಗಿ ಗಾಳಿ ತುಂಬಬೇಕು. ಟೈರಿನ ಬದಿಯಲ್ಲಿ ಡಾಟ್ ಎಂಬ ಗುರುತಿನ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ 23ನೇ ವಾರ. ಮೇಲಿನ ಪದರ ಎಷ್ಟೇ ಉಳಿದಿರಲಿ, ಬಿಸಿಲಿನಲ್ಲಿ ನಿಂತ ಆರು ವರ್ಷದ ಟೈರನ್ನು ನಂಬಿ ಬೇಸಿಗೆಯ ಹೆದ್ದಾರಿಗೆ ಹೋಗಬಾರದು. ದುಬಾರಿ ಕಾರುಗಳಲ್ಲಿ ಬಹಳಷ್ಟಕ್ಕೆ ಸ್ಟೆಪ್ನಿಯೇ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಆಯುಧಪೂಜೆಯ ವಾರದಲ್ಲಿ ಬ್ಯಾಟರಿ. ಬ್ಯಾಟರಿ ಸಾಯುವುದು ಡಿಸೆಂಬರಿನ ಚಳಿಯ ಬೆಳಗ್ಗೆಯಾದರೂ ಅದಕ್ಕೆ ರೋಗ ತಗಲುವುದು ಜುಲೈನಲ್ಲಿ. ಶಾಖ ಹೆಚ್ಚಿದಂತೆಲ್ಲ ಒಳಗಿನ ರಾಸಾಯನಿಕ ಕ್ರಿಯೆ ತೀವ್ರವಾಗಿ ಸೀಸದ ಫಲಕಗಳು ಬೇಗ ಸವೆಯುತ್ತವೆ. ಚಳಿಯಲ್ಲಿ ಎಂಜಿನ್ ಎಬ್ಬಿಸಲು ಹೆಚ್ಚು ಬಲ ಬೇಕಾದಾಗ ಆ ನಷ್ಟ ಬಯಲಾಗುತ್ತದೆ. ಬಿಡಿಭಾಗಗಳ ಅಂಗಡಿಗಳಲ್ಲಿ ಬ್ಯಾಟರಿಯನ್ನು ಉಚಿತವಾಗಿ ಪರೀಕ್ಷಿಸಿಕೊಡುತ್ತಾರೆ. ಆದರೆ ಬಿಎಂಡಬ್ಲ್ಯುನಂತಹ ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ ಮೇಲೆ ಕಾರಿನ ಕಂಪ್ಯೂಟರಿಗೆ ಅದನ್ನು ತಿಳಿಸಬೇಕು. ಇಲ್ಲವಾದರೆ ಹಳೆಯದೆಂದೇ ಬಗೆದು ತಪ್ಪಾಗಿ ಚಾರ್ಜ್ ಮಾಡುತ್ತದೆ.

ಅದೇ ವಾರ ವೈಪರ್ ಮತ್ತು ಗಾಳಿಯ ಫಿಲ್ಟರುಗಳು. ಇಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆಯೇ ಇಲ್ಲದಷ್ಟು. ಅಷ್ಟು ದಿನ ಒಣಗಿದ ವೈಪರಿನ ರಬ್ಬರು ಮೊದಲ ಮಳೆಯ ರಾತ್ರಿ ಗಾಜಿನ ಮೇಲೆ ಗೆರೆ ಎಳೆಯುತ್ತದೆ, ರಸ್ತೆಯೂ ಅಂದೇ ಹೆಚ್ಚು ಜಾರುತ್ತದೆ. ಕಾಳ್ಗಿಚ್ಚಿನ ಹೊಗೆಯೂ ಉಂಟು. 2018ರ ನವೆಂಬರ್‌ನ ಕ್ಯಾಂಪ್ ಫೈರ್ ಹೊಗೆ ಬೇ ಏರಿಯಾವನ್ನು ದಿನಗಟ್ಟಲೆ ಮುಚ್ಚಿತ್ತು. 2020ರ ಸೆಪ್ಟೆಂಬರ್ 9ರಂದು ಹಗಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಂತಹ ವರ್ಷ ಎಸಿಯ ಫಿಲ್ಟರನ್ನು ಬಿಚ್ಚಿ ನೋಡಿದರೆ ಬೂದಿಯೇ. ಮುಚ್ಚಿಹೋದ ಫಿಲ್ಟರಿನಿಂದ ಗಾಳಿ ಬಾರದಿದ್ದರೆ ಎಸಿ ಕೆಟ್ಟಿತೆಂದು ಭಾವಿಸಿ ನೂರಾರು ಡಾಲರ್ ಕಳೆದುಕೊಂಡವರುಂಟು.

ಇನ್ನು ಗೇರ್‌ಬಾಕ್ಸ್ ಆಯಿಲ್. ಅದನ್ನು ‘ಆಜೀವ’ವೆಂದು ಕರೆಯುವ ಕಾರು ಕಂಪನಿಗಳಿವೆ. ಆದರೆ ಅನೇಕ ದುಬಾರಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್‌ಗಳ ನಡುವೆ ಆಯಿಲ್ ಬದಲಿಸಲು ಸಲಹೆ ನೀಡುತ್ತದೆ. ಯಾರ ಆಜೀವ ಎಂಬ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು; ನಾಲ್ಕು ವರ್ಷದ ವಾರಂಟಿಯ ಆಜೀವ ಬೇರೆ, ಹನ್ನೆರಡು ವರ್ಷ ಇಟ್ಟುಕೊಳ್ಳುವವನ ಆಜೀವ ಬೇರೆ.

ವಿದ್ಯುತ್ ಕಾರು ಕೊಂಡವರಿಗೆ ಈ ತಾಪತ್ರಯವಿಲ್ಲ ಎಂಬ ಮಾತೂ ಅರ್ಧ ನಿಜ. ಫ್ರೀಮಾಂಟ್‌ನ ಟೆಸ್ಲಾ ಕಾರ್ಖಾನೆ ನಮ್ಮ ಪಕ್ಕದಲ್ಲೇ ಇರುವುದರಿಂದ ನಮ್ಮ ಬೀದಿಯಲ್ಲಿ ಆ ಕಾರುಗಳೇ ಹೆಚ್ಚು. ಅವಕ್ಕೆ ಎಂಜಿನ್ ಆಯಿಲ್ ಬೇಡ. ಆದರೆ ಬ್ಯಾಟರಿ ತಣಿಸುವ ಕೂಲೆಂಟ್, ಬ್ರೇಕ್ ಆಯಿಲ್, ಎಸಿ ಫಿಲ್ಟರ್, ಟೈರು ಎಲ್ಲವೂ ಇವೆ. ಬಿಸಿಲಿನಲ್ಲಿ ಪೂರ್ತಿ 100 ಪ್ರತಿಶತ ಚಾರ್ಜ್ ಮಾಡಿ ದಿನಗಟ್ಟಲೆ ನಿಲ್ಲಿಸುವುದು ಬ್ಯಾಟರಿಯ ಆಯುಷ್ಯಕ್ಕೆ ಒಳ್ಳೆಯದಲ್ಲ.

ಹೊಸದಾಗಿ ಬರುವವರಿಗೆ

ಇಲ್ಲಿಗೆ ಬರುವ ತಯಾರಿಯಲ್ಲಿರುವ ತಮ್ಮತಂಗಿಯರಿಗೆ ಒಂದು ಮಾತು. ಇಲ್ಲಿ ದುಬಾರಿ ಬ್ರಾಂಡಿನ ಹಳೆಯ ಕಾರು ಅಗ್ಗವಾಗಿ ದೊರೆಯುತ್ತದೆ. ಅಗ್ಗವಾಗುವುದು ಬೆಲೆ ಮಾತ್ರ. ಬಿಡಿಭಾಗ, ಕೂಲಿ ಯಾವುದೂ ಹಳೆಯದಾಗುವುದಿಲ್ಲ. ಮರ್ಸಿಡಿಸ್, ಬಿಎಂಡಬ್ಲ್ಯುಗಳ ಹೊಸ ಕಾರಿನ ವಾರಂಟಿ ನಾಲ್ಕು ವರ್ಷ ಅಥವಾ 50,000 ಮೈಲಿ. ಸರಿಯಾಗಿ ಆ ಗಡಿಯ ಬಳಿ ಅವು ಮಾರುಕಟ್ಟೆಗೆ ಬರುತ್ತವೆ. ಕೊಳ್ಳುವ ಮೊದಲು ಸರ್ವಿಸಿನ ದಾಖಲೆ ಕೇಳಿ. ಮೈಲಿಯ ಜೊತೆಗೆ ದಿನಾಂಕಗಳನ್ನೂ ನೋಡಿ. ನಿಮ್ಮದೇ ಮೆಕ್ಯಾನಿಕ್‌ಗೆ ಹಣ ಕೊಟ್ಟು ಪರೀಕ್ಷೆ ಮಾಡಿಸಿ. ಮೊದಲ ವರ್ಷದ ರಿಪೇರಿಗೆಂದು ಒಂದಿಷ್ಟು ಸಾವಿರ ಡಾಲರ್ ಬದಿಗಿಡಲಾಗದಿದ್ದರೆ ಆ ಕಾರು ಸದ್ಯಕ್ಕೆ ನಿಮ್ಮದಲ್ಲ. ಸಾಧಾರಣ ಜಪಾನಿ ಕಾರು ಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಸರ್ವಿಸನ್ನು ಕಂಪನಿಯ ಡೀಲರ ಬಳಿಯೇ ಮಾಡಿಸಬೇಕು, ಇಲ್ಲದಿದ್ದರೆ ವಾರಂಟಿ ಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯ ಪ್ರಕಾರ ಸ್ವತಂತ್ರ ವರ್ಕ್‌ಶಾಪಿನಲ್ಲಿ ಸರ್ವಿಸ್ ಮಾಡಿಸಿದ ಕಾರಣಕ್ಕೇ ವಾರಂಟಿ ನಿರಾಕರಿಸುವಂತಿಲ್ಲ. ಸರಿಯಾದ ಆಯಿಲ್, ಸರಿಯಾದ ಸಮಯ ಎಂಬುದಕ್ಕೆ ರಸೀದಿಗಳು ನಿಮ್ಮ ಬಳಿ ಇರಬೇಕು, ಅಷ್ಟೆ. ಕ್ಯಾಲಿಫೋರ್ನಿಯದಲ್ಲಿ ರಿಪೇರಿಗೆ ಮುನ್ನ ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಪಡೆಯುವ ಹಕ್ಕು ನಿಮಗಿದೆ. ನಿಮ್ಮ ಒಪ್ಪಿಗೆಯಿಲ್ಲದೆ ಅದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಮೊದಲೇ ಕೇಳಿಕೊಂಡರೆ ಬದಲಿಸಿದ ಹಳೆಯ ಭಾಗವನ್ನೂ ತೋರಿಸಬೇಕು. ಇದನ್ನು ನೋಡಿಕೊಳ್ಳಲು ಬ್ಯೂರೊ ಆಫ್ ಆಟೊಮೋಟಿವ್ ರಿಪೇರ್ ಎಂಬ ಸರ್ಕಾರಿ ಇಲಾಖೆಯೇ ಇದೆ. ಭಾಷೆಯ ಸಂಕೋಚದಿಂದ ಸುಮ್ಮನಿರಬೇಡಿ.

ತಂದೆ ತಾಯಿ ಬಂದಾಗ ಬೇಸಿಗೆಯಲ್ಲಿ ದೂರ ಹೊರಡುವ ಮುನ್ನ ತಲೆಗೆ ಮೂರು ನಾಲ್ಕು ಲೀಟರ್ ನೀರು, ಔಷಧಿಗೆ ಒಳ್ಳೆಯ ಐಸ್ ಪೆಟ್ಟಿಗೆ, ರಸ್ತೆ ಸಹಾಯದ ಸದಸ್ಯತ್ವದ ಫೋನ್ ಸಂಖ್ಯೆ ಇವು ಕಾರಿನಲ್ಲಿರಲಿ. ಗಾಡಿ ನಿಂತರೆ ಸಂಚಾರದ ಕಡೆಯ ಬಾಗಿಲಿನಿಂದ ಇಳಿಯಬೇಡಿ.

ಆ ಕಾರು ಈಗಲೂ ನನ್ನ ಬಳಿಯಿದೆ. ಗರಾಜಿನ ಅರ್ಧ ಭಾಗ ಖಾಲಿಯಾಗಿ ಅದು ನೆರಳಿಗೆ ಬಂದಿದೆ. ಸೂಟ್‌ಕೇಸುಗಳು ಅಟ್ಟಕ್ಕೆ ಹೋಗಿವೆ. ಅಪ್ಪ ಊರಿಗೆ ಹಿಂದಿರುಗುವ ಮುನ್ನ ಮಗಳ ಶಾಲೆಯ ನೋಟ್‌ಬುಕ್ ಒಂದನ್ನು ತೆಗೆದುಕೊಂಡು ಡಿಪೊದ ಪುಸ್ತಕದಂತೆ ಗೆರೆ ಹಾಕಿಟ್ಟು ಹೋದರು: ದಿನಾಂಕ, ಮೈಲಿ, ಮಾಡಿದ ಕೆಲಸ, ಸಹಿ. ದಿನಾಂಕದ ಅಂಕಣವನ್ನು ಮೊದಲು ಇಟ್ಟಿದ್ದಾರೆ.

ಪ್ರತಿ ಯುಗಾದಿಯ ದಿನ ರಾಯಚೂರಿನಿಂದ ಫೋನ್ ಬರುತ್ತದೆ. ಅಮ್ಮ ಬೇವು-ಬೆಲ್ಲ ತಿಂದಿರಾ ಎಂದು ಕೇಳುತ್ತಾರೆ. ಅನಂತರ ಫೋನ್ ಅಪ್ಪನ ಕೈಗೆ ಹೋಗುತ್ತದೆ.

‘ತೊಟ್ಟಿ ನೋಡಿದೇನು?’